ಎದೆಯ ಸುತ್ತಳತೆ

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವರಿಗೆ ಒಂದು ಕಾಯಿಲೆ ಇರುತ್ತದೆ: ತಪ್ಪು ಯಾವಾಗಲೂ ಎದುರು ಪಕ್ಷದ್ದು. ನನಗೆ ಅದು ಮೈಸೂರಿನ ಕಾಲೇಜಿನಲ್ಲೇ ಅಂಟಿತ್ತು. ಮ್ಯಾಂಚೆಸ್ಟರಿಗೆ ಓದಲು ಬಂದಾಗ ಜೊತೆಗೇ ಬಂತು. ಇಲ್ಲಿ ಎದುರು ಪಕ್ಷವಾಗಿ ಸಿಕ್ಕಿದ್ದು ಒಂದು ಸೂತ್ರ. ಜೀವಂತ ಹೋರಿಯ ಎದೆಯ ಸುತ್ತಳತೆ, ಮೈಯ ಉದ್ದ ಕೊಟ್ಟರೆ ಸಾಕು, ಕಡಿದ ಮೇಲೆ ಎಷ್ಟು ಮಾಂಸ ಸಿಗುತ್ತದೆಂದು ಅದು ಮುಂಚೆಯೇ ಹೇಳುತ್ತದೆ. ಮೊಟ್ಟೆಯನ್ನೂ ಮುಟ್ಟದ ನಾನು ಅದನ್ನು ಪರೀಕ್ಷಿಸಬೇಕಿತ್ತು. ಅಮ್ಮ ಫೋನಿನಲ್ಲಿ "ದನದ ಅಳತೆ ಯಾತಕ್ಕೇ?" ಅಂದಾಗಲೆಲ್ಲ ನನ್ನ ಫೋನ್ ಕಾರ್ಡ್ ಮುಗಿದುಹೋಗುತ್ತಿತ್ತು.

ಚಳಿಗಾಲವಿಡೀ, ನಾನು ರೂಮು ಮಾಡಿದ್ದ ಪಕ್ಕದ ಸ್ಟಾಕ್‌ಪೋರ್ಟಿನಿಂದ ಬೆಳಗಿನ ರೈಲು ಹಿಡಿದು ಮ್ಯಾಕಲ್ಸ್‌ಫೀಲ್ಡ್ ಕಡೆಯ ಫಾರ್ಮಿಗೆ ಹೋದೆ. ಯಾರೋ ಕಾಣುತ್ತಿದ್ದ ಕನಸಿನಿಂದ ಎದ್ದು ಬಂದಂತೆ ಹೋರಿಗಳು ಮಂಜಿನೊಳಗಿಂದ ಒಂದೊಂದಾಗಿ ಬರುತ್ತಿದ್ದವು. ಅವುಗಳ ಉಸಿರಿಗೆ ನನ್ನ ಕನ್ನಡಕ ಮಸುಕಾಗಿ ಟೇಪು, ಕೈ, ಹೋರಿ ಎಲ್ಲ ಸೇರಿ ಒಂದೇ ಬೆಚ್ಚಗಿನ ಮೋಡವಾಗುತ್ತಿತ್ತು. ಕಸಾಯಿಖಾನೆಯಿಂದ ತೂಕದ ಚೀಟಿ ಬಂದ ಮೇಲೆ ತಾಳೆ ನೋಡಿದರೆ, ಪ್ರತಿ ಸಲವೂ ಸೂತ್ರ ಹೇಳಿದ್ದಕ್ಕಿಂತ ಮಾಂಸ ಹೆಚ್ಚು! ಸೂತ್ರ ಸುಳ್ಳೆಂದು ಒಂದು ಇಡೀ ಅಧ್ಯಾಯ ಬರೆದು ಜಾಡಿಸಿದೆ. ಶುಕ್ರವಾರ ಅದನ್ನು ಗೈಡಿಗೆ ಒಪ್ಪಿಸಬೇಕು.

ಗುರುವಾರ, ಆ ಫಾರ್ಮಿನ ಪಶುವೈದ್ಯ, ಉಡುಪಿ ಕಡೆಯ ರಘುರಾಮಣ್ಣ, ನಾನು ಅಳೆಯುವುದನ್ನೇ ನೋಡುತ್ತ ನಿಂತರು.

"ನೀನು ಅಳೆಯುದಲ್ಲ ಮಾರಾಯ್ತಿ, ಜೋಗುಳ ಹಾಡುದು."

"ಹಾಗಂದ್ರೆ?"

"ನಿನ್ನ ಎಡಗೈ ಎಲ್ಲಿ ಉಂಟು, ನೋಡು."

ಹೋರಿಯ ಕತ್ತಿನಡಿ ಜೋಲುವ ಗಂಗೆದೊಗಲನ್ನು ತುರಿಸುತ್ತಿತ್ತು. ಬಾಗಿಲಿಗೆ ದನ ಬಂದರೆ ಕುತ್ತಿಗೆ ತುರಿಸಿ, ಕೈಯನ್ನು ಕಣ್ಣಿಗೊತ್ತಿಕೊಳ್ಳುವ ಮನೆಯವಳು ನಾನು. ಬಲಗೈ ವಿಜ್ಞಾನ ಮಾಡುವಾಗ ಪೂಜೆ ತನ್ನಷ್ಟಕ್ಕೆ ನಡೆದಿತ್ತು, ಅದೂ ಎಡಗೈಯಲ್ಲಿ. ಹೋರಿ ಕಣ್ಣು ಮುಚ್ಚಿ, ಕತ್ತು ಚಾಚಿ, ಉಸಿರೆಲ್ಲ ಬಿಟ್ಟು ನಿಂತಿತ್ತು.

"ಉಸಿರು ಬಿಟ್ರೆ ಎದೆ ಇಳೀತದೆ. ಕೈ ತೆಗಿ."

"ಅದೇ ಕಾರಣ ಅನ್ನೋಕೆ ಆಧಾರ ಏನಣ್ಣಾ?"

"ಆಧಾರ ನಿನ್ನೆದುರೇ ನಿಂತುಂಟಲ್ಲ! ವಾದ ಆಮೇಲೆ ಮಾಡು."

ಕೈ ತೆಗೆದೆ. ಹೋರಿ ಎಚ್ಚೆತ್ತು ಮೈ ಬಿಗಿಮಾಡಿತು. ಟೇಪು ಮೂರು ಬೆರಳು ಮುಂದೆ ಹೋಯಿತು. ಛಲ ಬಿಡದೆ ಆವತ್ತು ಅಲ್ಲಿದ್ದ ಹೋರಿಗಳನ್ನೆಲ್ಲ ಎರಡೆರಡು ಸಲ ಅಳೆದೆ, ಕತ್ತು ತುರಿಸುತ್ತ ಒಮ್ಮೆ, ತುರಿಸದೆ ಒಮ್ಮೆ. ಎಲ್ಲವೂ ರಘುರಾಮಣ್ಣನ ಪಕ್ಷಕ್ಕೇ ಸೇರಿದವು.

ಶುಕ್ರವಾರ ಎಲ್ಲವನ್ನೂ ಒಪ್ಪಿಕೊಂಡೆ. ಗೈಡ್ ನನ್ನ ಅಧ್ಯಾಯವನ್ನು ಪಕ್ಕಕ್ಕಿಟ್ಟು, ಹಾಗಿದ್ದರೆ ಮೊದಲಿನವನ್ನೆಲ್ಲ ಮತ್ತೆ ಅಳೆದು ಬನ್ನಿ ಎಂದರು.

"ಅವು ಈಗ ಎಲ್ಲಿವೆ?" ಎಂದು ಥಟ್ಟನೆ ತಿರುಗಿ ಕೇಳಿದೆ.

ಅಧ್ಯಾಯದ ಜೊತೆಗಿದ್ದ ಕಸಾಯಿಖಾನೆಯ ಚೀಟಿಗಳನ್ನು ಅವರು ಮೆಲ್ಲನೆ ಬೋರಲು ಹಾಕಿದರು. ನಾನು ಗೆದ್ದ ಇಷ್ಟೊಂದು ವಾದಗಳಲ್ಲಿ ಚಪ್ಪಾಳೆ ಬೇಡವೆನಿಸಿದ್ದು ಅದೊಂದಕ್ಕೇ.