ಕಂಪನಿ ದ್ವೀಪದಲ್ಲಿ ಸಿದ್ದಾಪುರದ ಸೌಟು

ನಾನು ಸುಮ್ಮನೆ ನನ್ನ ಪಾಡಿಗೆ ಸೌಟು ತಿರುಗಿಸುತ್ತ ನಿಂತಿದ್ದರೂ ಇಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಹುಟ್ಟಿದ್ದು ಸಿದ್ದಾಪುರ, ಅಡುಗೆ ಕಲಿತದ್ದು ಶಿರಸಿಯ ಒಂದು ಖಾನಾವಳಿಯಲ್ಲಿ. ಅಲ್ಲಿಂದ ಗೋವಾದ ಹೋಟೆಲು, ಗೋವಾದಿಂದ ನೇರ ಹಡಗು. ಎರಡು ಸಾವಿರದ ಇಸವಿಯ ಆಚೀಚೆ ಐದಾರು ವರ್ಷ ಕೆರಿಬಿಯನ್ ಸಮುದ್ರದಲ್ಲಿ ತಿರುಗುವ ಪ್ರವಾಸಿ ಹಡಗೊಂದರಲ್ಲಿ ಅಡುಗೆಯವನಾಗಿದ್ದೆ. ಆ ಕಂಪನಿಗೆ ತನ್ನದೇ ಒಂದು ಪುಟ್ಟ ದ್ವೀಪವಿತ್ತು. ವಾರಕ್ಕೊಮ್ಮೆ ಅದರೆದುರು ಹಡಗು ನಿಲ್ಲಿಸಿ, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತಿದ್ದರು. ಅವರು ದಿನವಿಡೀ ಮರಳಿನ ಮೇಲೆ ಹಪ್ಪಳದ ಹಾಗೆ ಒಣಗುತ್ತಿದ್ದರು. ನಾವು ಅವರ ಹಿಂದೆಯೇ ಪಾತ್ರೆ ಪಡಗ ಹೊತ್ತು ಇಳಿದು ಊಟ ಬಡಿಸುತ್ತಿದ್ದೆವು.

ಬೆಟ್ಟ ಎಷ್ಟಿದ್ದು?

ಕಂಪನಿಗೇ ಒಂದು ದ್ವೀಪ ಇದೆ ಎಂದು ಮನೆಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ. ಫೋನು ಎತ್ತಿದ್ದ ಅಮ್ಮನ, ಅಂದರೆ ನಮ್ಮ ಆಯಿಯ, ಕೈಯಿಂದ ದೊಡ್ಡಪ್ಪ ಅದನ್ನು ಕಸಿದುಕೊಂಡ. ಜಮೀನಿನ ವಿಷಯ ಅಂದರೆ ಅವನಿಗೆ ಊಟವೂ ಬೇಡ.

"ಎಷ್ಟು ಎಕರೆ ಬತ್ತು ತಮಾ?"

"ಗೊತ್ತಿಲ್ಲೆ ದೊಡ್ಡಪ್ಪ. ನಡ್ಕಂಡು ಒಂದು ಸುತ್ತು ಬರಲೆ ಒಂದು ತಾಸು ಬೇಕು."

"ತೋಟ ಎಷ್ಟಿದ್ದು?"

"ತೋಟ ಇಲ್ಲೆ. ನಾಕು ತೆಂಗಿನ ಮರ, ಉಳಿದದ್ದೆಲ್ಲ ಮರಳು."

"ಗೊಬ್ಬರಕ್ಕೆ ಸೊಪ್ಪು ಕೊಯ್ಯಲೆ ಸೊಪ್ಪಿನ ಬೆಟ್ಟ?"

"ಇಲ್ಲೆ."

"ಬಾವಿ ಆದ್ರೂ ಇದ್ದಾ?"

"ಇಲ್ಲೆ. ಕುಡಿಯ ನೀರೂ ಹಡಗಿಂದನೇ ಬತ್ತು."

ದೊಡ್ಡಪ್ಪ ನಿಜವಾದ ಮರುಕದಿಂದ ಹೇಳಿದ: "ತೋಟ ಇಲ್ಲೆ, ಬೆಟ್ಟ ಇಲ್ಲೆ, ನೀರೂ ಇಲ್ಲೆ. ನಿಮ್ಮ ಕಂಪನಿಯವಂಗೆ ಯಾರೋ ಸಮಾ ಟೊಪ್ಪಿ ಹಾಕಿದ್ದ!"

ಶಿರಸಿಯಲ್ಲಿ ಟ್ರೇನಿಂಗು

ದ್ವೀಪದಲ್ಲಿ ಎಳನೀರಿನ ಒಂದು ಅಂಗಡಿ ಇತ್ತು. ಒಂದು ದಿನ ಅಲ್ಲಿ ಕತ್ತಿ ಹಿಡಿದಿದ್ದವನು ಹೊಸಬ. ಒಂದು ಕಾಯಿಯ ಜೊತೆ ಕಾಲು ಗಂಟೆ ಕುಸ್ತಿ ಮಾಡುತ್ತಿದ್ದ. ಸಾಲು ಸಮುದ್ರದವರೆಗೆ ಬೆಳೆದಿತ್ತು. ನೋಡಲಾರದೆ ನಾನೇ ಕತ್ತಿ ಇಸಿದುಕೊಂಡೆ. ಕಾಯಿಯನ್ನು ಅಂಗೈಯಲ್ಲಿ ತಿರುಗಿಸುತ್ತ ಮೂರು ಏಟು, ನಾಲ್ಕನೆಯದಕ್ಕೆ ಬಾಯಿ ತೆರೆಯಿತು. ಜನ ಚಪ್ಪಾಳೆ ತಟ್ಟಿದರು. ನಮ್ಮಲ್ಲಿ ಎಳನೀರು ಕೆತ್ತಿದ್ದಕ್ಕೆ ಚಪ್ಪಾಳೆ ತಟ್ಟಿದವರನ್ನು ನಾನು ಕಂಡಿಲ್ಲ. ಹುರುಪು ಬಂದು ಇಡೀ ಸಾಲು ಮುಗಿಸಿದೆ.

ಊಟದ ವಿಭಾಗದ ಮ್ಯಾನೇಜರು ಓಡಿ ಬಂದ. ಸ್ಕಾಟ್ಲೆಂಡಿನವನು.

"ಎಲ್ಲಿ ಟ್ರೇನಿಂಗ್ ಆದದ್ದು?"

"ಶಿರಸಿ."

ಅವನು ಜೇಬಿನ ಪುಸ್ತಕ ತೆಗೆದು ಗಂಭೀರವಾಗಿ ಬರೆದುಕೊಂಡ. ಅದು ಎಂಥದೋ ದೊಡ್ಡ ಅಡುಗೆ ಕಾಲೇಜು ಎಂದು ತಿಳಿದಿರಬೇಕು. ನಾನೂ ತಿದ್ದಲು ಹೋಗಲಿಲ್ಲ.

ಮುಂದಿನ ತಿಂಗಳು ಮುಂಬಯಿಯ ಹುಡುಗನೊಬ್ಬ ಅಡುಗೆಮನೆಗೆ ಹೊಸದಾಗಿ ಬಂದ. ಮ್ಯಾನೇಜರು ಆಸೆಯಿಂದ ಕೇಳಿದ: "ನೀನೂ ಶಿರಸಿಯಲ್ಲಿ ಕಲಿತವನೇನು?"

"ಇಲ್ಲ ಸರ್. ಸ್ವಿಟ್ಜರ್ಲೆಂಡಿನಲ್ಲಿ."

ಮ್ಯಾನೇಜರಿನ ಮುಖ ಸಪ್ಪಗಾಯಿತು. ಹುಡುಗನ ಬೆನ್ನು ತಟ್ಟಿ, ನನ್ನ ಕಡೆ ತೋರಿಸಿ ಹೇಳಿದ: "ಬೇಜಾರು ಮಾಡಿಕೊಳ್ಳಬೇಡ. ಇವನು ಹೇಳಿಕೊಡುತ್ತಾನೆ."

ಈಜು

ಬಡಿಸುವ ಕೆಲಸ ಮುಗಿದ ಮೇಲೆ ನಮಗೆ ಒಂದು ತಾಸು ಬಿಡುವು. ಎಲ್ಲರೂ ನೀರಿಗೆ ಹಾರುತ್ತಿದ್ದರು. ನಾನು ಲೈಫ್ ಜಾಕೆಟ್ ಬಿಗಿದುಕೊಂಡು ಮೊಣಕಾಲುದ್ದ ನೀರಿನಲ್ಲಿ ಕೂರುತ್ತಿದ್ದೆ. ಘಟ್ಟದ ಮೇಲಿನವನು ನಾನು. ಊರಿನಲ್ಲಿದ್ದಾಗ ಕುಮಟಾದ ಸಮುದ್ರವನ್ನು ಕಂಡದ್ದೇ ಎರಡು ಸಲ, ಎರಡೂ ಸಲ ದೂರದಿಂದ.

ಎಂಬತ್ತು ದಾಟಿದ ಅಮೆರಿಕದ ಅಜ್ಜಿಯೊಬ್ಬಳು ಮೀನಿನ ಹಾಗೆ ಈಜುತ್ತ ನನ್ನ ಪಕ್ಕ ಬಂದು ಎದ್ದಳು. "ಮಗೂ, ಹಡಗಿನಲ್ಲಿ ಕೆಲಸ ಮಾಡುತ್ತೀಯ, ಈಜು ಬರುವುದಿಲ್ಲವೇ?"

"ಈಜು ಬಂದಿದ್ದರೆ ಹಡಗು ಯಾಕೆ ಹತ್ತುತ್ತಿದ್ದೆ ಅಜ್ಜಿ?" ಎಂದೆ.

ಅಜ್ಜಿ ನಕ್ಕ ನಗೆಗೆ ಅವಳ ಹಲ್ಲಿನ ಸೆಟ್ಟು ನೀರಿಗೆ ಬಿತ್ತು. ಅದನ್ನು ಹುಡುಕಲು ನಾನು ಜೀವಮಾನದಲ್ಲಿ ಮೊದಲ ಸಲ ತಲೆಯನ್ನು ಸಮುದ್ರದೊಳಗೆ ಹಾಕಿದೆ. ಹಲ್ಲು ಸಿಕ್ಕಿತು. ಅಜ್ಜಿ ಅದನ್ನು ತೊಳೆದು ಬಾಯಿಗೆ ಹಾಕಿಕೊಂಡು, "ನೋಡು, ನಿನಗೆ ಮುಳುಗಲಂತೂ ಬರುತ್ತದೆ. ಅರ್ಧ ಪಾಠ ಮುಗಿಯಿತು" ಎಂದಳು.

ಟಾಮ್ ಬುಲಿ

ಇದು ಮಾತ್ರ ನೆನೆದರೆ ಈಗಲೂ ಎದೆ ಉಬ್ಬುತ್ತದೆ, ಜೊತೆಗೆ ನಗುವೂ ಬರುತ್ತದೆ.

ಒಂದು ವಾರ ಜನರನ್ನೆಲ್ಲ ದ್ವೀಪಕ್ಕೆ ಇಳಿಸಿಯಾದ ಮೇಲೆ ಗಾಳಿ ಎದ್ದಿತು. ಊಟದ ಕೊನೆಯ ದೋಣಿ ಹಡಗಿನ ಬಳಿಯೇ ಉಳಿಯಿತು. ಅದರಲ್ಲಿದ್ದದ್ದು ತಣ್ಣಗಿನ ಸೂಪು. ಬಿಸಿಲು ಕೆಂಡದಂತಿತ್ತು. ನೂರಾರು ಜನ ಕೆಂಪಗೆ ಸುಟ್ಟುಕೊಂಡು ತಣ್ಣಗಿನದೇ ಬೇಕು ಎಂದು ಕೂತಿದ್ದರು. ನಮ್ಮ ಮುಖ್ಯ ಬಾಣಸಿಗ ಆಸ್ಟ್ರಿಯಾದವನು, ಮೊದಲೇ ಮುಂಗೋಪಿ. ಟೋಪಿ ತೆಗೆದು ನೆಲಕ್ಕೆ ಬಡಿದ.

ದ್ವೀಪ ನೋಡಿಕೊಳ್ಳುವ ಹೆಂಗಸಿನ ಮನೆ ನಮ್ಮ ಅಡುಗೆ ಚಪ್ಪರದ ಹಿಂದೆಯೇ ಇತ್ತು. ಅವಳ ಹಿತ್ತಿಲಿನಿಂದ ಒಂದು ಪರಿಮಳ ಬಂತು. ಹೋಗಿ ನೋಡಿದರೆ ದೊಡ್ಡಪತ್ರೆ! ನಮ್ಮ ಹಿತ್ತಿಲಿನದೇ ದಪ್ಪ ಎಲೆ, ಬೇಲಿಯುದ್ದಕ್ಕೂ ಹಬ್ಬಿತ್ತು. "ಇದನ್ನು ಮೀನಿಗೆ ಹಾಕುತ್ತೇನೆ, ನಿನಗೆ ಯಾಕೆ?" ಎಂದಳು. "ಮಾನ ಉಳಿಸಿಕೊಳ್ಳಲು" ಎಂದೆ. ಒಂದು ಬುಟ್ಟಿ ಕೊಯ್ದು ಕೊಟ್ಟಳು.

ಬೆಳಗಿನ ತಿಂಡಿಗೆಂದು ದಡಕ್ಕೆ ತಂದಿದ್ದ ಮೊಸರು ಐಸಿನ ಪೆಟ್ಟಿಗೆಗಳಲ್ಲಿ ಉಳಿದಿತ್ತು. ಎಳನೀರಿನ ಅಂಗಡಿಯಲ್ಲಿ ತೆಂಗಿನಕಾಯಿಗೆ ಬರವಿಲ್ಲ. ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ಬೆಣ್ಣೆಯಲ್ಲಿ ಬಾಡಿಸಿ, ಬಾರಿನವರು ಐಸು ಪುಡಿ ಮಾಡುವ ಮಿಕ್ಸಿಗಳಲ್ಲಿ ಕಾಯಿಯ ಜೊತೆ ರುಬ್ಬಿ, ಮೊಸರು ಕಡೆದು ಬೆರೆಸಿದೆ. ಬಾಣಸಿಗ ಅನುಮಾನದಿಂದ ಒಂದು ಚಮಚ ನೆಕ್ಕಿದ. ಎರಡನೆಯದನ್ನು ಕುಡಿದ. ಮೂರನೆಯದಕ್ಕೆ ಚಮಚ ಬಿಟ್ಟು ಲೋಟ ಹಿಡಿದ.

"ಹೆಸರೇನು ಇದರದ್ದು?"

"ತಂಬುಳಿ."

ಬಾರಿನ ಹುಡುಗಿ ಕೇಳಿಸಿದಷ್ಟನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: ಟಾಮ್ ಬುಲಿ.

ಜನ ಕುಡಿದರು, ಮತ್ತೆ ಸಾಲು ನಿಂತರು. ಸುಟ್ಟ ಮುಖದವನೊಬ್ಬ ಆರು ಲೋಟ ಮುಗಿಸಿ, "ಟಾಮ್ ಎಲ್ಲಿದ್ದಾನೆ? ಅವನ ಕೈ ಕುಲುಕಬೇಕು" ಎಂದು ಚಪ್ಪರವಿಡೀ ಹುಡುಕಿದ. ಅಭಿಪ್ರಾಯ ಬರೆಯುವ ಚೀಟಿಗಳ ತುಂಬ ಟಾಮ್‌ನ ಹೊಗಳಿಕೆ. ಹಡಗಿನ ಆಫೀಸಿನವರು ಕೆಲಸಗಾರರ ಪಟ್ಟಿಯಲ್ಲಿ ಟಾಮ್ ಬುಲಿಯನ್ನು ಹುಡುಕಿ ಸೋತು ಬಾಣಸಿಗನನ್ನು ಕೇಳಿದರು. ಅವನು ನನ್ನನ್ನು ತೋರಿಸಿದ. ತಿಂಗಳ ಕೊನೆಗೆ ವೇದಿಕೆಯ ಮೇಲೆ ಕರೆದು, ಕ್ಯಾಪ್ಟನ್ನು ಸ್ವತಃ ಪ್ರಶಸ್ತಿಪತ್ರ ಕೊಟ್ಟು, "ಶಾಭಾಸ್ ಟಾಮ್" ಎಂದ. ಅಷ್ಟು ಜನರೆದುರು ನಾನು ಟಾಮ್ ಅಲ್ಲ ಎನ್ನುವುದು ಹೇಗೆ?

ರಜೆಯಲ್ಲಿ ಬಂದು ಆಯಿಗೆ ನಡೆದದ್ದನ್ನೆಲ್ಲ ಹೇಳಿದೆ. ಹೆಸರು ತಪ್ಪಾಗಿದೆ, ಪೆಟ್ಟಿಗೆಯಲ್ಲೇ ಇರಲಿ ಎಂದೆ. ಅವಳು ಕೇಳದೆ ಚೌಕಟ್ಟು ಹಾಕಿಸಿ ಜಗುಲಿಯಲ್ಲಿ ತೂಗುಹಾಕಿಸಿದಳು. ಒಂದು ದಿನ ಪೋಸ್ಟ್‌ಮ್ಯಾನು ಕತ್ತೆತ್ತಿ ಓದಿ ಕೇಳಿದ: "ಮಿಸ್ಟರ್ ಟಾಮ್ ಬುಲಿ... ಯಾರದ್ರೀ ಅಮ್ಮಾ ಈ ಸರ್ಟಿಫಿಕೇಟು? ನಿಮ್ಮ ಮಗಂದಾ?"

ಆಯಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಮಗಂದಲ್ಲ, ಅದು ತಂಬ್ಳಿದು. ಹೊತ್ಕಂಡು ಬಂದವ ನಮ್ಮ ಮಾಣಿ, ಅಷ್ಟೇಯ."