ಹದಿನೆಂಟು ಮನೆಗೆ ಒಂದೇ ಸೀನು

"ಅತ್ತಿಗೆ, ಮಾತಾಡೋದು ಒಂದೇ ಸಲ, ಮುಟ್ಟೋದು ಹದಿನೆಂಟು ಮನೆಗೆ!" ಎಂದು ನನ್ನ ಮೈದುನ ನರಹರಿ ಒಲೆಯ ಪಕ್ಕದಲ್ಲೇ ಒಂದು ಕಪ್ಪು ಡಬ್ಬಿ ತಂದಿಟ್ಟ. ಟೆಲಿಫೋನ್ ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ಅವನ ಕೈ ಸುಮ್ಮನಿದ್ದದ್ದೇ ಇಲ್ಲ.

"ಅದಕ್ಕೆ ದೇವಸ್ಥಾನದ ಮೈಕ್ ಸಾಲದೇನೋ?"

"ಮೈಕು ಬೇಡದೋರ ಕಿವೀನೂ ಕೊರೆಯುತ್ತೆ. ಇದು ಕೆಂಪು ಗುಂಡಿ ಒತ್ತಿದೋರಿಗೆ ಮಾತ್ರ. ಫೋನಿನ ಹಾಗೆ ಹದಿನೆಂಟು ಸಲ ಹೇಳೋ ಹಾಗೂ ಇಲ್ಲ. ನಾನು ಕಳಿಸೋದು ಒಂದೇ. ದಾರಿ ಕವಲಾಗೋ ಕಡೆ ಡಬ್ಬೀನೇ ನಕಲು ಮಾಡಿ ಆ ಕಡೆಗೊಂದು ಈ ಕಡೆಗೊಂದು ಕಳಿಸುತ್ತೆ. ಸಾಕು ಅನ್ನಿಸಿದ್ರೆ ಹಸಿರು ಗುಂಡಿ!"

ಪುಕ್ಕಟೆ ಸುದ್ದಿ ಯಾರಿಗೆ ಬೇಡ? ಅವನು ಮೊದಲೇ ಮನೆಮನೆಗೂ ಇಂಥದೇ ಒಂದೊಂದು ಡಬ್ಬಿ ಇಟ್ಟು ತಂತಿ ಎಳೆದಿದ್ದ; ನಮ್ಮ ಬೀದಿಯ ಹದಿನೆಂಟೂ ಮನೆಯವರು ಕೆಂಪು ಗುಂಡಿ ಒತ್ತಿಯೇ ಕೂತಿದ್ದರು. ನರಹರಿ ಗಂಟಲು ಸರಿಮಾಡಿಕೊಂಡು ಉದ್ಘಾಟನೆ ಮಾಡಿದ: "ಇವತ್ತು ಹತ್ತು ಗಂಟೆಗೆ ನಮ್ಮ ವನಜತ್ತಿಗೆಗೆ ಸ್ಕೂಟರ್ ಪರೀಕ್ಷೆ. ಮೂರನೇ ಸಲ!"

ನನಗೆ ಮೈಯೆಲ್ಲ ಉರಿದುಹೋಯಿತು. "ಎಷ್ಟನೇ ಸಲ ಅಂತ ಯಾರು ಕೇಳಿದ್ರು ನಿನ್ನ?"

ಎಂಟರ ಆಕಾರದಲ್ಲಿ ಸುತ್ತುವಾಗ ಕಾಲು ಊರಿ ಎರಡು ಸಲ ಫೇಲಾಗಿದ್ದೆ. ನನ್ನ ಕಲಿಕಾ ಲೈಸೆನ್ಸಿಗೆ ಅವತ್ತೇ ಕೊನೆಯ ದಿನ. ಇದೂ ತಪ್ಪಿದರೆ ಐವತ್ತಾರನೇ ವಯಸ್ಸಿನಲ್ಲಿ ಮತ್ತೆ ಮೊದಲಿಂದ! ಸಿಟ್ಟಿನಲ್ಲಿ ಒಗ್ಗರಣೆಗೆ ಒಂದು ಹಿಡಿ ಒಣಮೆಣಸಿನಕಾಯಿ ಜಾಸ್ತಿಯೇ ಬಿತ್ತು. ಘಾಟು ಎದ್ದಿತು.

"ಆಕ್ಷೀ!"

ನರಹರಿ ಸೀನಿದ್ದು ಡಬ್ಬಿಯ ಮುಂದೆ. ಹದಿನೆಂಟು ಮನೆಯಲ್ಲೂ ಒಂಟಿ ಸೀನು! ಕೆಲಸಕ್ಕೆ ಹೊರಟವರೆಲ್ಲ ಅಪಶಕುನವೆಂದು ಒಳಗೆ ಹೋಗಿ ನೀರು ಕುಡಿದು ಕೂತರು. ಬೀದಿಯ ಕೊನೆಮನೆ ರುದ್ರಮುನಿಯವರೂ ಬೈಕಿನಿಂದಿಳಿದು ಒಳಗೆ ಹೋದರು. ಅಯ್ಯೋ, ನನ್ನ ಪರೀಕ್ಷೆ ಮಾಡಬೇಕಾದ ಇನ್ಸ್‌ಪೆಕ್ಟರೇ ಅವರು!

"ಗಾಬರಿಯಾಗ್ಬೇಡಿ. ಜೋಡಿ ಸೀನು ಶುಭ ತಾನೆ?" ಎಂದು ನರಹರಿ ಡಬ್ಬಿಯ ತಿರುಪು ತಿರುಗಿಸಿದ. ಇನ್ನು ಮೇಲೆ ಪ್ರತಿಯೊಂದೂ ಎರಡೆರಡು ಸಲ ಹೋಗುತ್ತದಂತೆ. ಅಷ್ಟರಲ್ಲಿ ಇನ್ನೊಂದು ಸೀನು ಬಂತು. ಎರಡು, ಮೂರು! ಮತ್ತೆ ಒಂಟಿ! ಸದ್ಯ ನಿಂತಿತು ಎನ್ನುವಾಗ ನಮ್ಮ ನೆರೆಮನೆ ಪುಟ್ಟಗೌರಮ್ಮನ ಡಬ್ಬಿ ಆಚೆಮನೆ ಡಬ್ಬಿಯ ಸೀನನ್ನು ಕೇಳಿಸಿಕೊಂಡು ತಾನೂ ಎಲ್ಲರಿಗೂ ಕಳಿಸಿತು, ಅದು ಆಚೆಮನೆಯಲ್ಲಿ ಕೇಳಿಸಿದ್ದಕ್ಕೆ ಮತ್ತೆ ಕಳಿಸಿತು.

"ನಾಲ್ಕು! ಹೊರಡಿ!"

"ತಡೀರಿ, ಐದಾಯ್ತು!"

ಇಡೀ ಬೀದಿ ಬೆರಳೆಣಿಸುತ್ತಾ ಹೊಸಿಲಿನ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡತೊಡಗಿತು. ನಾನು ಕಾಂಪೌಂಡಿನ ಮೇಲಿಂದ ಕೂಗಿದೆ: "ಪುಟ್ಟಗೌರಮ್ಮ, ಹಸಿರು ಗುಂಡಿ ಒತ್ರೀ!"

"ಒಂಟೀಲಿ ಹೇಗ್ರೀ ಒತ್ತೋದು? ಆಮೇಲೆ ಜೋಡಿಯಾದ್ರೆ ನಂಗೆ ಗೊತ್ತಾಗೋದು ಹೇಗೆ?"

ನರಹರಿ ಹೆದರಿ ತಂತಿ ಕಿತ್ತ. ಸರಿಯಾಗಿ ನಲವತ್ತೇಳಕ್ಕೆ ನಿಂತಿತು!

"ಇನ್ನೊಂದು ಕಳಿಸಪ್ಪಾ!" ಎಂದು ಹದಿನೆಂಟು ಬಾಗಿಲಿಂದ ಕೂಗು. ಅವನ ಮೂಗು ಆಗಲೇ ಒಣಗಿತ್ತು. ನಾನೇ ಮೆಣಸಿನಕಾಯಿ ಹುರಿದು ಮೂಗಿಗೆ ಹಿಡಿದೆ. ಅವನು ತಂತಿ ಸಿಕ್ಕಿಸಿ ಸೀನಿ ತಕ್ಷಣ ಕಿತ್ತ. ಆದರೆ ತಿರುಪು ಎರಡರಲ್ಲೇ ಇತ್ತು. ನಲವತ್ತೊಂಬತ್ತು!

ಗಡಿಯಾರ ಹತ್ತು ಹೊಡೆಯಿತು. ನನ್ನ ತಾಳ್ಮೆ ಮುಗಿಯಿತು. ಹೆಲ್ಮೆಟ್ ಹಾಕಿ, ಪರೀಕ್ಷೆಯ ಕಾಗದ, ರಂಗೋಲಿ ಡಬ್ಬ ಹಿಡಿದು, ಸ್ಕೂಟರ್ ತಳ್ಳಿಕೊಂಡು ರುದ್ರಮುನಿಯವರ ಗೇಟಿನ ಮುಂದೆ ಹೋದೆ. ರಸ್ತೆಯ ಮೇಲೆ ದೊಡ್ಡದಾಗಿ ಎಂಟು ಬರೆದೆ.

"ನೀವು ಹೊಸಿಲು ದಾಟ್ಬೇಡಿ ಸಾರ್. ನಿಂತಲ್ಲಿಂದ್ಲೇ ನೋಡಿ!"

"ಇದಕ್ಕೆ ಕಾನೂನು..."

"ಕಾನೂನಿನಲ್ಲಿ ಸೀನಿಗೆ ಹೆದರೋದೂ ಇಲ್ಲ!"

ಅವರು ಹೊಸಿಲ ಒಳಗೇ ನಿಂತು ಕತ್ತು ಚಾಚಿದರು. ಆಟೊ ಇಲ್ಲ, ಹಸು ಇಲ್ಲ, ಬೀದಿ ಖಾಲಿ. ಎಂಟನ್ನು ಮೂರು ಸಲ ಸುತ್ತಿದೆ. ಕಾಲು ಊರಲಿಲ್ಲ! ನನಗೆ ಅಳುವೇ ಬಂದುಬಿಟ್ಟಿತು.

"ಪಾಸ್! ಕೊಡಿ ಆ ಕಾಗದ, ಇಲ್ಲೇ ಸಹಿ ಹಾಕ್ತೀನಿ," ಎಂದರು ರುದ್ರಮುನಿ.

ಕಾಗದ ಕೈಗೆ ಬಂತು. ಅಷ್ಟರಲ್ಲಿ ಚಕ್ರಕ್ಕೆ ಸಿಕ್ಕು ಎದ್ದ ರಂಗೋಲಿ ಪುಡಿ ನನ್ನ ಮೂಗಿಗೆ ಹೋಯಿತು.

"ಆಕ್ಷೀ!"

"ಐವತ್ತು!" ಎಂದು ಯಾರೋ ಕೂಗಿದರು. ಹದಿನೆಂಟು ಮನೆಯ ಬೈಕು, ಕಾರು, ಸೈಕಲ್ಲು ಒಂದೇ ಸಲಕ್ಕೆ ಬೀದಿಗಿಳಿದವು! ಎಲ್ಲರಿಗಿಂತ ಮುಂದೆ ಇನ್ಸ್‌ಪೆಕ್ಟರೇ. ಒಂದಕ್ಕೊಂದು ಸಿಕ್ಕಿಕೊಂಡು ಒಂದೂ ಅತ್ತಿತ್ತ ಅಲ್ಲಾಡಲಿಲ್ಲ.

ಲೈಸೆನ್ಸ್ ಸಿಕ್ಕಿದ ದಿನ ನಾನು ಸ್ಕೂಟರ್ ತಳ್ಳಿಕೊಂಡೇ ಮನೆಗೆ ಬಂದೆ.