ಮೂರನೇ ಪ್ಲಾಟ್‌ಫಾರಂನ ದನಿ

ಬಸ್ ನಿಲ್ದಾಣದ ಘೋಷಣೆ ಕೋಣೇಲಿದ್ದ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಸಾಯ್ತಾ ಇದೆ ಅನ್ನೋದನ್ನ ಕಚೇರಿ ಒಪ್ಕೊಂಡಿತ್ತು. ಅದು ನಿಯಮದ ಪ್ರಕಾರ ಸಾಯ್ತಾ ಇದೆಯೋ ಇಲ್ವೋ ಅನ್ನೋದೊಂದು ಮಾತ್ರ ತೀರ್ಮಾನ ಆಗಿರಲಿಲ್ಲ.

ಇದನ್ನ ಮೊದಲು ಕಂಡುಹಿಡಿದವನು ಹಮಾಲಿ ಮೀಸೆ ಮಾಮ. ಎಂಥಾ ಹಮಾಲಿ ಅಂತೀರಿ! ಒಂದ್ಸಲ ಒಬ್ಬನೇ ಬೀರು ಹೊತ್ತು ಬಸ್ಸಿನ ತಲೆ ಮೇಲೆ ಇಟ್ಟಿದ್ದ. ಅದರೊಳಗೆ ಮಲಗಿದ್ದ ಬೆಕ್ಕಿಗೆ ಎಚ್ಚರ ಕೂಡ ಆಗಲಿಲ್ಲ. ಅಂಥವನು ಅವತ್ತು ಬೆಳಗ್ಗೆ ಹೊತ್ತ ಮೂಟೆ ಇಳಿಸೋದನ್ನೂ ಮರೆತು ಕೋಣೆ ಬಾಗಿಲಲ್ಲಿ ನಿಂತ. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಟಕ್ ಟಕ್ ಸದ್ದು. ಮೈಕಲ್ಲಿ ಬರ್ತಿದ್ದ ಹೆಂಗಸಿನ ದನಿ ತೊದಲ್ತಾ ಇತ್ತು.

ಆ ದನಿ ಅವನ ಹೆಂಡತಿದು. ಟಿಕೆಟ್ ಕೌಂಟರಲ್ಲಿ ಕೂರ್ತಿದ್ದೋಳನ್ನ ಒಂದು ಮಧ್ಯಾಹ್ನ ಕರೆದು, ಎಲ್ಲ ಘೋಷಣೆನೂ ಓದಿಸಿ ತುಂಬಿಸ್ಕೊಂಡಿದ್ರು. ಆಮೇಲೆ ಅವಳು ತೀರ್ಕೊಂಡ್ಲು. ದನಿ ಮಾತ್ರ ರಜೆ ಹಾಕದೆ ಕೆಲಸಕ್ಕೆ ಬರ್ತಿತ್ತು. ಮನೇಲಿ ಅವಳ ಫೋಟೋ ಇತ್ತು, ಆದ್ರೆ ಫೋಟೋ ಬಾಯಿ ಬಿಡಲ್ಲವಲ್ಲ.

ರಿಪೇರಿ ಅಂಗಡಿ ಇಟ್ಟಿದ್ದ ಭಾಮೈದ ಓಡಿ ಬಂದು, ಲ್ಯಾಪ್‌ಟಾಪಿಗೆ ಕಿವಿ ಒತ್ತಿ ಕೇಳಿ, ಮುಖ ಸಪ್ಪಗೆ ಮಾಡ್ಕೊಂಡ.

"ಭಾವ, ಇದನ್ನ ಸುಮ್ಸುಮ್ನೆ ಆನ್ ಮಾಡಬೇಡಿ. ಒಂದೇ ಸಲ ಆನ್ ಮಾಡಿ, ಮುಖ್ಯವಾದ್ದನ್ನ ಮೊದಲು ಬೇರೆ ಡಿಸ್ಕಿಗೆ ಎಳ್ಕೊಂಡು ಬಿಡೋಣ. ಆನ್ ಮಾಡಿದಷ್ಟು ಸಲ ಅಕ್ಕ ಒಂಚೂರು ಕಮ್ಮಿ ಆಗ್ತಾಳೆ."

ವ್ಯವಸ್ಥಾಪಕರು ಪೆನ್ನಿನ ಕ್ಯಾಪು ಕಚ್ಚಿ ಯೋಚಿಸಿದ್ರು. ನಡೀತಿರೋ ಯಂತ್ರವನ್ನ ಬಿಚ್ಚೋ ಹಾಗಿಲ್ಲ ಅಂದ್ರು. ನಿಂತುಹೋದ ಯಂತ್ರವನ್ನ ಬಿಚ್ಚಬಹುದು, ಆದ್ರೆ ಅದರೊಳಗೆ ಏನೋ ಇದೆ ಅಂತ ಮೊದಲು ಆನ್ ಮಾಡಿ ತೋರಿಸಬೇಕು.

"ನಿಂತುಹೋಗಿದ್ದನ್ನ ಹ್ಯಾಗೆ ಆನ್ ಮಾಡೋದು ಸ್ವಾಮಿ?" ಅಂದ ಮಾಮ.

"ಅದಕ್ಕೇ ಅಲ್ವೇನಯ್ಯ ಸಮಿತಿ ಇರೋದು."

'ಕೆಡುತ್ತಿರುವಿಕೆ ಪರಿಶೀಲನಾ ಸಮಿತಿ' ಅಂತ ಅದರ ಹೆಸರು. ಸಮಿತಿಯವರು ದಿನಾ ಬಂದು, ಚಹಾ ಕುಡಿದು, ಲ್ಯಾಪ್‌ಟಾಪ್ ಆನ್ ಮಾಡಿಸಿ, ಟಕ್ ಟಕ್ ಕೇಳಿ, ತಲೆ ಆಡಿಸಿ, ಆಫ್ ಮಾಡಿಸಿ ಹೋಗೋರು. ಮೊದಲು ಕಾಣೆಯಾಗಿದ್ದು ಊರೊಳಗಿನ ಬಸ್ಸುಗಳ ಘೋಷಣೆ. ಆಮೇಲೆ 'ಜೇಬುಗಳ್ಳರಿದ್ದಾರೆ, ಎಚ್ಚರಿಕೆ' ಅನ್ನೋದು ಹೋಯ್ತು. ಅವತ್ತೇ ಹಿರಿಯ ಸದಸ್ಯರ ಪರ್ಸೂ ಹೋಯ್ತು. ಸಮಿತಿ ವರದಿ ಬರೀತು: 'ಕೆಡುವಿಕೆಯು ತೃಪ್ತಿಕರವಾಗಿ ಮುಂದುವರಿದಿದೆ.' ತಡೆಯಲಾರದೆ ಮಾಮ ಒಂದಿನ ಲ್ಯಾಪ್‌ಟಾಪನ್ನ ಅಪ್ಪಿಕೊಂಡು ಮೇಜಿನ ಮೇಲೆ ಬೋರಲು ಬಿದ್ದ. ಅದನ್ನೂ ಬರೆದ್ರು: 'ಹಮಾಲಿಯೊಬ್ಬರು ಸದರಿ ಯಂತ್ರದ ಮೇಲೆ ಮಲಗಿದ್ದರಿಂದ ಪರಿಶೀಲನೆ ತುಸು ವಿಳಂಬವಾಯಿತು.'

ಕೊನೆಗೊಂದು ದಿನ ಪ್ರಕಟಣೆ ಅಂಟಿಸಿದ್ರು: 'ಸದರಿ ಡಿಸ್ಕು ಸಾಕಷ್ಟು ಕೆಟ್ಟಿರುವುದರಿಂದ ರಕ್ಷಣೆಗೆ ಅರ್ಹವಾಗಿದೆ. ಅದರಲ್ಲಿರುವ ದೊಡ್ಡ ಸಾಹೇಬರ ಉದ್ಘಾಟನಾ ಭಾಷಣಕ್ಕೆ ಮೊದಲ ಆದ್ಯತೆ ನೀಡತಕ್ಕದ್ದು.'

ಭಾಷಣ ಉದ್ದ, ಡಿಸ್ಕಿನ ಆಯಸ್ಸು ಗಿಡ್ಡ. ಭಾಮೈದ ಕೇಬಲ್ ಸಿಕ್ಕಿಸಿ, ಬೆವರು ಒರೆಸ್ಕೊಂಡು, ಪಿಸುಗುಟ್ಟಿದ: "ಒಂದು ಬಂದ್ರೆ ಹೆಚ್ಚು. ಯಾವುದು ಭಾವ?"

"ಮೂರನೇ ಪ್ಲಾಟ್‌ಫಾರಂದು."

ಅದರಲ್ಲೊಂದು ವಿಶೇಷ ಇತ್ತು. ಘೋಷಣೆ ಮುಗಿಸಿದ ಮೇಲೆ ಮೈಕು ಇನ್ನೂ ಆನ್ ಇರೋದನ್ನ ಮರೆತು, ಅವಳು ಕಿಟಕಿಯಾಚೆ ಕಾಯ್ತಿದ್ದ ಗಂಡನ ಜೊತೆ ಮಾತಾಡಿದ್ಲು. ಆ ಬಾಲ ಕತ್ತರಿಸೋಕೆ ಅನುಮತಿ ಕೇಳಿದ್ರು, ಬರಲೇ ಇಲ್ಲ. ಹಾಗಾಗಿ ಉಳ್ಕೊಂಡಿತ್ತು.

ವ್ಯವಸ್ಥಾಪಕರು ಹಿಂದಿನಿಂದ ಇಣುಕಿದ್ರು. ಮಾಮ ತನ್ನ ಅಗಲ ಬೆನ್ನು ಅಡ್ಡ ಇಟ್ಟ. ಏನು ನಡೀತಿದೆ ಅಂತ ಕೇಳಿದ್ರು.

"ಭಾಷಣ ಇಳಿಸ್ತಾ ಇದೀವಿ ಸ್ವಾಮಿ. ಭಾರ ಜಾಸ್ತಿ."

ಒಂದೇ ಒಂದು ಇಳೀತು. ಡಿಸ್ಕು ಉದ್ದಕ್ಕೆ ಕಿರ್ ಅಂದು ತೆಪ್ಪಗಾಯ್ತು.

ಭಾಷಣ ಹೋಯ್ತು ಅಂತ ಗೊತ್ತಾಗಿ ವ್ಯವಸ್ಥಾಪಕರು ವರದಿ ಬರೆಯೋಕೆ ಪೆನ್ನು ತೆಗೆದ್ರು. ಆದ್ರೆ ಹೋಯ್ತು ಅಂತ ಬರೆದ್ರೆ ಯಾರಿಂದ ಹೋಯ್ತು ಅಂತಲೂ ಬರೀಬೇಕು. ಹಾಗಾಗಿ ಬರೆದ್ರು: 'ಎಲ್ಲ ಮಾಹಿತಿಯನ್ನು ಯಶಸ್ವಿಯಾಗಿ ರಕ್ಷಿಸಲಾಗಿದೆ. ಉಳಿದದ್ದು ಅನಗತ್ಯವೆಂದು ಡಿಸ್ಕೇ ತೀರ್ಮಾನಿಸಿದೆ.' ದೊಡ್ಡ ಸಾಹೇಬರು ಶಹಬ್ಬಾಸ್ ಅಂತ ಸಹಿ ಹಾಕಿದ್ರು. ಎಲ್ಲ ಸಿಕ್ಕಿದೆ ಅಂದ ಮೇಲೆ ಹೊಸ ದನಿ ತುಂಬಿಸೋ ಹಾಗಿಲ್ಲ.

ಇರೋ ಘೋಷಣೆ ಒಂದೇ. ಸರ್ಕಾರಿ ಘೋಷಣೆ ಸುಳ್ಳಾಗೋ ಹಾಗಿಲ್ಲ. ಅದಕ್ಕೆ ಎಲ್ಲ ಪ್ಲಾಟ್‌ಫಾರಂ ಮೇಲೂ ಮೂರು ಅಂತ ಬಣ್ಣ ಬಳಿದ್ರು. ಹೊತ್ತಿಗೆ ಸರಿಯಾಗಿ ಬಂದ ಡ್ರೈವರುಗಳು ತಿರುವಿನಲ್ಲಿ ಎಂಜಿನ್ ಆಫ್ ಮಾಡಿ, ಅರ್ಧ ಗಂಟೆ ಕಾದು, ಆಮೇಲೆ ಒಳಗೆ ಬರ್ತಾರೆ. ಜನ ಅದಕ್ಕೂ ಹೊಂದ್ಕೊಂಡ್ರು. ಈಗ ಬಸ್ಸು ಯಾವಾಗ ಬರುತ್ತೆ ಅನ್ನೋದಾದ್ರೂ ಖಾತ್ರಿ ಗೊತ್ತು.

"ಪ್ರಯಾಣಿಕರ ಗಮನಕ್ಕೆ. ಮೂರನೇ ಪ್ಲಾಟ್‌ಫಾರಂಗೆ ಬರಬೇಕಾದ ಬಸ್ಸು ಅರ್ಧ ಗಂಟೆ ತಡವಾಗಿ ಬರಲಿದೆ," ಅನ್ನುತ್ತೆ ದನಿ. ಸ್ವಲ್ಪ ಹೊತ್ತು ಬಿಟ್ಟು, ಬೇರೆ ಥರ, ಮೆತ್ತಗೆ: "ಬಿಸಿಲಲ್ಲಿ ಯಾಕ್ರೀ ನಿಂತಿದ್ದೀರಾ? ಒಳಗೆ ಬನ್ನಿ."

ಇಲಾಖೆಗೆ ಎಷ್ಟು ಕಾಳಜಿ ನೋಡಿ ಅಂತ ಜನ ಗಂಟುಮೂಟೆ ಎತ್ಕೊಂಡು ನೆರಳಿಗೆ ಸರೀತಾರೆ, ಮೋಡ ಕವಿದಿದ್ರೂ. ಮಾಮ ತಲೆ ಮೇಲಿನ ಪೆಟ್ಟಿಗೆ ಇಳಿಸಿ, "ಬಂದೆ ಕಣೇ," ಅಂತಾನೆ. ಹಾಗೆ ಹೇಳೋದೂ ನಿಯಮ ಇರಬೇಕು ಅಂದ್ಕೊಂಡು ಪ್ರಯಾಣಿಕರೂ "ಬಂದೆ ಕಣೇ" ಅನ್ನೋಕೆ ಶುರು ಮಾಡಿದ್ರು. ಮಾಮ ಮೀಸೆ ಕುಣಿಸಿ ಗದರಿಸಿಬಿಟ್ಟ: 'ಕಣೇ' ಅನ್ನೋ ಅಧಿಕಾರ ಇಲ್ಲಿ ಒಬ್ಬನಿಗೇ ಇರೋದು, ಮಿಕ್ಕವರು ಮರ್ಯಾದೆ ಕೊಡಿ.

ವ್ಯವಸ್ಥಾಪಕರು ಮಾರನೇ ದಿನವೇ ಅದನ್ನ ಬೋರ್ಡಿಗೆ ಹಾಕಿಸಿದ್ರು. ಈಗ ದನಿ ಕರೆದ ತಕ್ಷಣ ಇಡೀ ನಿಲ್ದಾಣ "ಬಂದ್ವಿ ಅಮ್ಮಾ" ಅಂತ ಒಳಗೆ ಹೋಗುತ್ತೆ. ಎಲ್ಲರಿಗಿಂತ ಮುಂದೆ ವ್ಯವಸ್ಥಾಪಕರು ಇರ್ತಾರೆ.